ಸುದ್ದಿಗೆ ಚಂದಾದಾರರಾಗೋಣ

(ಶಾಲಾ ಶತಮಾನೋತ್ಸವದ ಅಂಗವಾಗಿ ನಡೆದ ರಕ್ಷಕರ ಹಾಗೂ ಹಳೆವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ವೇದಿಕೆಯಲ್ಲಿ ಶಾಲೆಯ ಗತಕಾಲವನ್ನು ಸ್ಮರಿಸುವುದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಈಗಾಗಲೇ ನೆರವೇರಿಸಿದ್ದಾರೆ. ಸಮಿತಿಯವರು ನಮಗೆ ಒಪ್ಪಿಸಿದ್ದು ‘ಅಂತರ್ಜಾಲ ಮತ್ತು ನಮ್ಮ ಮನೆ’ ಎಂಬ ವಿಷಯ. ಅದು ತೀರಾ ವಿಶಾಲವಾದುದರಿಂದ, ಅದರೊಳಗಿನ ಒಂದು ಸಣ್ಣ ಸಂಗತಿಯನ್ನಷ್ಟೇ ಇಂದು ಆರಿಸಿಕೊಂಡಿದ್ದೇವೆ. ಜಾಲತಾಣಗಳಲ್ಲಿ ಪ್ರಕಟವಾಗುವ ಹೊಸ ಸುದ್ದಿ, ಹೊಸ ಸೂಚನೆಗಳು ಇಮೇಲ್ ಮೂಲಕವಾಗಲಿ, ಫೀಡ್ ರೀಡರ್ ಎಂಬ ಸಾಧನದ ಮೂಲಕವಾಗಲಿ ತಾವಾಗಿಯೇ ನಮ್ಮ ಬಳಿಗೆ ಬರುವಂತೆ ಮಾಡಿಕೊಳ್ಳುವ ಬಗೆ ಯಾವುದು? ಗಡಿನಾಡ ಕನ್ನಡಿಗರಾದ ನಮಗೆ ಅದರ ಅಗತ್ಯ ಇತರರಿಗಿಂತ ಹೆಚ್ಚು ಏಕೆ? ಇವೆರಡು ಪ್ರಶ್ನೆಗಳಿಗೆ ನಮಗೆ ತಿಳಿದಷ್ಟು ಉತ್ತರಿಸುತ್ತೇವೆ.

‘ಚಂದಾ’ ಎಂಬ ಮಾತು ನಮಗೆ ಹೊಸತಲ್ಲ. ನಮ್ಮ ಶಾಲೆ ಆರಂಭವಾದಾಗ ಈ ಪ್ರದೇಶವು ಮದರಾಸು ಆಧಿಪತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಾಗಿತ್ತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಟದ್ದು ನಮ್ಮ ನೆರೆಯ ಮಂಗಳೂರಿನಿಂದಲೇ. ಮುಂದೆ ಆ ನಗರದಿಂದ ಹೊರಟ ಎಷ್ಟೋ ಪತ್ರಿಕೆಗಳು ಅಂಚೆಯ ಚೀಲದಲ್ಲೋ ಬಸ್ಸಿನ ಮೇಲೋ ಬಂದು ನಮ್ಮ ಊರುಗಳನ್ನು ತಲುಪುತ್ತಿದ್ದವು. ಊರಿನಲ್ಲಿ ಒಬ್ಬರು ಚಂದಾದಾರರಾದರೆ ಹತ್ತು ಮನೆಯವರು ಓದುತ್ತಿದ್ದರು. ಓದು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಓದಿ ಹೇಳುತ್ತಿದ್ದರು.

ಆ ಚಂದಾದಾರಿಕೆಯಲ್ಲಿ ಮೂರು ಗುಣಗಳಿದ್ದುವು. ಯಾವ ಪತ್ರಿಕೆ ಮನೆಗೆ ಬರಬೇಕೆಂಬುದನ್ನು ಓದುಗನೇ ಆರಿಸುತ್ತಿದ್ದ. ಹಾಗೆ ಆರಿಸಿದ ಬಳಿಕ ಪತ್ರಿಕೆ ತಪ್ಪದೆ ಬರುತ್ತಿತ್ತು. ಪ್ರತಿದಿನ ಯಾರನ್ನೂ ಕೇಳಿಕೊಳ್ಳಬೇಕಾಗಿರಲಿಲ್ಲ. ಬಂದ ಸುದ್ದಿಯ ಮೂಲ ಯಾವುದು, ದಿನಾಂಕ ಯಾವುದು ಎಂಬುದು ಪುಟದ ತಲೆಯಲ್ಲಿಯೇ ಅಚ್ಚಾಗಿರುತ್ತಿತ್ತು. ಆಯ್ಕೆ, ಕ್ರಮ, ಮೂಲ ಎಂಬ ಈ ಮೂರನ್ನು ದಯವಿಟ್ಟು ನೆನಪಿನಲ್ಲಿಡಿ. ಇಂದು ನಮ್ಮ ಕೈಯಲ್ಲಿರುವ ಮೊಬೈಲಿಗೆ ಬರುವ ಸುದ್ದಿಯನ್ನು ಇದೇ ಅಳತೆಗೋಲಿನಿಂದ ಅಳೆದು ನೋಡಬೇಕೆಂಬುದು ನಮ್ಮ ಬಿನ್ನಹ.

1956ರ ನವೆಂಬರ್ 1ರಂದು ರಾಜ್ಯಗಳ ಪುನಾರಚನೆಯಾಗಿ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1984ರಲ್ಲಿ ಅದು ಪ್ರತ್ಯೇಕ ಜಿಲ್ಲೆಯಾಯಿತು. ಅದರ ರಾಜಕೀಯವನ್ನು ಇಲ್ಲಿ ಚರ್ಚಿಸುವ ಉದ್ದೇಶ ನಮಗಿಲ್ಲ. ಸುದ್ದಿಯ ದೃಷ್ಟಿಯಿಂದ ನಮಗೆ ಏನಾಯಿತು ಎಂಬುದನ್ನಷ್ಟೇ ನೋಡೋಣ. ನಾವು ಓದುವ ಭಾಷೆ ಗಡಿಯ ಆಚೆ ಉಳಿಯಿತು. ನಮ್ಮನ್ನು ಆಳುವ ಕಚೇರಿಗಳು ಗಡಿಯ ಈಚೆ ನಿಂತವು. ಕನ್ನಡದಲ್ಲಿ ಬರುವ ಸುದ್ದಿಯ ಬಹುಪಾಲು ಕರ್ನಾಟಕದ್ದು. ನಮ್ಮ ಪರೀಕ್ಷೆ, ಪಿಂಚಣಿ, ಪಡಿತರ, ಉದ್ಯೋಗಗಳ ಸುದ್ದಿ ಬರುವುದು ಬಹುಮಟ್ಟಿಗೆ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಬೆಂಗಳೂರಿನ ಕನ್ನಡಿಗನಿಗೂ ತಿರುವನಂತಪುರದ ಮಲಯಾಳಿಗೂ ಈ ತೊಡಕಿಲ್ಲ. ಅವರಿಗೆ ಭಾಷೆ ಮತ್ತು ಸರಕಾರಗಳೆರಡೂ ಒಂದೇ ಬಾಗಿಲಿನಿಂದ ಬರುತ್ತವೆ. ನಮ್ಮ ಮನೆಗೆ ಎರಡು ಬಾಗಿಲುಗಳಿವೆ, ಎರಡನ್ನೂ ತೆರೆದಿಡಬೇಕಾಗಿದೆ.

ಮಳೆಗಾಲದ ಉದಾಹರಣೆಯೊಂದನ್ನು ತೆಗೆದುಕೊಳ್ಳಿ. ರಾತ್ರಿಯಿಡೀ ಮಳೆ ಸುರಿದಿದೆ. ಬೆಳಗ್ಗೆ ಆರು ಗಂಟೆಗೆ ಮೊಬೈಲಿನಲ್ಲಿ ‘ಜಿಲ್ಲೆಯ ಶಾಲಾ ಕಾಲೇಜುಗಳಿಗೆ ಇಂದು ರಜೆ’ ಎಂಬ ಸುದ್ದಿ ಅಚ್ಚಗನ್ನಡದಲ್ಲಿ ಕಾಣಿಸುತ್ತದೆ. ಮಕ್ಕಳು ಸಂತೋಷದಿಂದ ಪುನಃ ಹೊದ್ದು ಮಲಗುತ್ತಾರೆ. ಆದರೆ ಆ ಸುದ್ದಿಯಲ್ಲಿರುವ ‘ಜಿಲ್ಲೆ’ ದಕ್ಷಿಣ ಕನ್ನಡ. ನಮ್ಮ ಶಾಲೆಗೆ ರಜೆ ಕೊಡಬೇಕಾದವರು ಕಾಸರಗೋಡಿನ ಜಿಲ್ಲಾಧಿಕಾರಿಗಳು. ಕೆಲವೊಮ್ಮೆ ಕಾಸರಗೋಡಿನದೇ ಆದ ಆದೇಶ ಬರುತ್ತದೆ, ಆದರೆ ಅದು ಹಿಂದಿನ ವರ್ಷದ್ದಾಗಿರುತ್ತದೆ. ದಿನಾಂಕದ ಸಾಲನ್ನು ಯಾರೋ ಕತ್ತರಿಸಿರುತ್ತಾರೆ. ಮಳೆಗಾಲದಲ್ಲಿ ಇಂಥ ಬೆಳಗುಗಳು ನಮ್ಮ ಅಧ್ಯಾಪಕರಿಗೆಲ್ಲ ಪರಿಚಿತ. ಒಂದು ದಿನದ ಹಾಜರಿ ತಪ್ಪಿದರೆ ದೊಡ್ಡ ನಷ್ಟವಿಲ್ಲ ಎನ್ನಬಹುದು. ಅದೇ ತಪ್ಪು ಪರೀಕ್ಷೆಯ ವಿಷಯದಲ್ಲಿ ಆದರೆ? ಎಸ್.ಎಸ್.ಎಲ್.ಸಿ. ಎಂಬ ಹೆಸರು ಎರಡು ರಾಜ್ಯಗಳಲ್ಲಿಯೂ ಒಂದೇ. ಮಂಡಳಿ ಬೇರೆ, ವೇಳಾಪಟ್ಟಿ ಬೇರೆ, ಫಲಿತಾಂಶದ ದಿನ ಬೇರೆ. ಅಲ್ಲಿ ಹತ್ತನೆಯ ತರಗತಿಯ ಬಳಿಕ ಪಿ.ಯು.ಸಿ.; ಇಲ್ಲಿ ಏಕಗವಾಕ್ಷಿ ಪದ್ಧತಿಯ ಪ್ಲಸ್ ವನ್ ಪ್ರವೇಶ. ಅಲ್ಲಿಯ ಸುದ್ದಿಯನ್ನು ಇಲ್ಲಿಯದೆಂದು ಓದಿದರೆ ಆಗುವ ಗೊಂದಲವನ್ನು ನಾವು ವಿವರಿಸಬೇಕಾಗಿಲ್ಲ.

ನಮ್ಮ ಹಳೆವಿದ್ಯಾರ್ಥಿನಿಯೊಬ್ಬರ ಸಂಗತಿಯನ್ನು, ಅವರ ಒಪ್ಪಿಗೆಯಿಂದಲೇ, ಹೆಸರು ಹೇಳದೆ ತಿಳಿಸುತ್ತೇವೆ. ಒಂದನೆಯ ತರಗತಿಯಿಂದ ಕನ್ನಡ ಮಾಧ್ಯಮದಲ್ಲಿಯೇ ಕಲಿತು, ಬಿ.ಎಡ್. ಮುಗಿಸಿ, ಕನ್ನಡ ಮಾಧ್ಯಮದ ಅಧ್ಯಾಪಿಕೆಯಾಗಬೇಕೆಂದು ಕಾದಿದ್ದವರು ಅವರು. ಅವರು ಕಾಯುತ್ತಿದ್ದ ಹುದ್ದೆಗೆ ಅರ್ಜಿ ಕರೆದರು. ಪ್ರಕಟಣೆ ಜಾಲತಾಣದಲ್ಲಿ ಸಕಾಲದಲ್ಲಿಯೇ ಬಂದಿತ್ತು. ಆದರೆ ಅವರು ಅದನ್ನು ಕಂಡದ್ದು ಸಂಬಂಧಿಕರೊಬ್ಬರು ಕಳುಹಿಸಿದ ವಾಟ್ಸಪ್ ಸಂದೇಶದಲ್ಲಿ. ಆ ಸಂದೇಶ ಐದಾರು ಗುಂಪುಗಳನ್ನು ಸುತ್ತಿ ಬರುವಷ್ಟರಲ್ಲಿ ಕೊನೆಯ ದಿನಾಂಕ ಕಳೆದು ನಾಲ್ಕು ದಿನಗಳಾಗಿದ್ದುವು. ಅಂಥ ಹುದ್ದೆಗಳಿಗೆ ವರ್ಷಂಪ್ರತಿ ಅರ್ಜಿ ಕರೆಯುವುದಿಲ್ಲ. ಅವರು ಇಂದು ಬೇರೆ ಉದ್ಯೋಗದಲ್ಲಿದ್ದಾರೆ. ಇದು ಅವರೊಬ್ಬರ ನಷ್ಟವಲ್ಲ. ಕನ್ನಡ ಬಲ್ಲ ಅಧ್ಯಾಪಕರಿಂದ ತುಂಬಬೇಕಾದ ಜಾಗಕ್ಕೆ ಅರ್ಹರು ಅರ್ಜಿಯನ್ನೇ ಹಾಕದಿದ್ದರೆ ಕೊನೆಗೆ ನಷ್ಟವಾಗುವುದು ಬೆಂಚಿನ ಮೇಲೆ ಕುಳಿತ ಮಗುವಿಗೆ.

ನಮ್ಮ ಕೈಯಲ್ಲಿರುವ ಸಾಧನಗಳನ್ನು ಆ ಮೂರು ಗುಣಗಳಿಂದ ಅಳೆಯೋಣ. ವಾಟ್ಸಪ್ ಗುಂಪಿನಲ್ಲಿ ಬರುವ ಸಂದೇಶವನ್ನು ನಾವು ಆರಿಸಿದ್ದಲ್ಲ. ಯಾರೋ ಕಳುಹಿಸಬೇಕೆಂದು ಎಣಿಸಿದ್ದು. ಅದು ಕ್ರಮವಾಗಿ ಬರುವುದಿಲ್ಲ. ಕಳುಹಿಸುವವರಿಗೆ ನೆನಪಾದರೆ ಬರುತ್ತದೆ, ಇಲ್ಲವಾದರೆ ಇಲ್ಲ. ಅದರ ಮೂಲ ಎಷ್ಟೋ ವೇಳೆ ಅಳಿಸಿಹೋಗಿರುತ್ತದೆ. ಇನ್ನು ಫೇಸ್‌ಬುಕ್, ಯೂಟ್ಯೂಬ್ ಮುಂತಾದ ಮಾಧ್ಯಮಗಳಲ್ಲಿ ನಾವು ಕೆಲವನ್ನು ಆರಿಸಿಕೊಂಡಿದ್ದರೂ, ಯಾವುದನ್ನು ಮೇಲೆ ತೋರಿಸಬೇಕು, ಯಾವುದನ್ನು ಅಡಗಿಸಬೇಕು ಎಂಬ ನಿರ್ಧಾರ ಯಂತ್ರದ ಲೆಕ್ಕಾಚಾರಕ್ಕೆ ಸೇರಿದ್ದು. ಹೆಚ್ಚು ಜನ ನಿಂತು ನೋಡುವುದೇ ಆ ಲೆಕ್ಕಾಚಾರಕ್ಕೆ ಮುಖ್ಯ. ಕನ್ನಡದಲ್ಲಿ ಒಂದಷ್ಟು ಓದಿದೊಡನೆ ಅದು ನಮಗೆ ಬೆಂಗಳೂರಿನ ಚಲನಚಿತ್ರ, ರಾಜಕೀಯಗಳನ್ನು ತಂದು ಸುರಿಯುತ್ತದೆ. ಕನ್ನಡ ಓದುವವನೊಬ್ಬ ಕೇರಳದ ಅರ್ಜಿಯನ್ನು ತುಂಬಬೇಕಾದವನೂ ಆಗಿರಬಹುದೆಂಬುದು ಅದರ ಗಣನೆಗೆ ಸುಲಭವಾಗಿ ಬರುವಂಥದ್ದಲ್ಲ.

ಹಳೆಯ ಚಂದಾದಾರಿಕೆಯ ಮೂರು ಗುಣಗಳನ್ನೂ ಉಳಿಸಿಕೊಂಡಿರುವ ಎರಡು ದಾರಿಗಳು ಅಂತರ್ಜಾಲದಲ್ಲಿ ಬಹುಕಾಲದಿಂದ ಇವೆ. ಒಂದು ಇಮೇಲ್; ಇನ್ನೊಂದು ಫೀಡ್.

ಇಮೇಲಿನ ದಾರಿ ಸುಲಭ. ಅನೇಕ ಸುದ್ದಿತಾಣಗಳು, ವಿಶ್ವವಿದ್ಯಾನಿಲಯಗಳು ಹಾಗೂ ಸಂಸ್ಥೆಗಳ ಪುಟದ ಕೆಳಭಾಗದಲ್ಲಿ ‘ಸಬ್‌ಸ್ಕ್ರೈಬ್’ ಅಥವಾ ‘ನ್ಯೂಸ್‌ಲೆಟರ್’ ಎಂಬ ಮಾತಿನೊಡನೆ ಒಂದು ಚೌಕ ಇರುತ್ತದೆ. ಅಲ್ಲಿ ನಮ್ಮ ಇಮೇಲ್ ವಿಳಾಸವನ್ನು ಬರೆದರೆ ಸಾಮಾನ್ಯವಾಗಿ ಒಂದು ದೃಢೀಕರಣದ ಪತ್ರ ಬರುತ್ತದೆ. ಅದರಲ್ಲಿರುವ ಕೊಂಡಿಯನ್ನು ಒತ್ತಿದ ಬಳಿಕವೇ ಚಂದಾ ಆರಂಭ. ಎಷ್ಟೋ ಮಂದಿ ಇಲ್ಲಿಯೇ ನಿಂತುಬಿಡುತ್ತಾರೆ. ಆ ಪತ್ರ ‘ಸ್ಪ್ಯಾಮ್’ ಎಂಬ ಕಡತದಲ್ಲಿಯೋ ಜಿಮೇಲಿನ ‘ಪ್ರೊಮೋಷನ್ಸ್’ ವಿಭಾಗದಲ್ಲಿಯೋ ಬಿದ್ದಿರುತ್ತದೆ. ಅಲ್ಲಿಂದ ಅದನ್ನು ಹುಡುಕಿ ತೆಗೆದು, ಕಳುಹಿಸಿದವರ ವಿಳಾಸವನ್ನು ನಮ್ಮ ಸಂಪರ್ಕಗಳ ಪಟ್ಟಿಗೆ ಸೇರಿಸಿದರೆ ಮುಂದಿನ ಪತ್ರಗಳು ನೇರವಾಗಿ ಕಾಣುವ ಸಂಭವ ಹೆಚ್ಚು. ಬೇಡವೆನಿಸಿದಾಗ ಪತ್ರದ ಕೆಳಗಿರುವ ‘ಅನ್‌ಸಬ್‌ಸ್ಕ್ರೈಬ್’ ಕೊಂಡಿಯಿಂದ ಬಿಡುಗಡೆ ಹೊಂದಬಹುದು.

ಎಚ್ಚರಿಕೆಯ ಮಾತೊಂದು: ಸುದ್ದಿಯ ಚಂದಾಕ್ಕೆ ಬೇಕಾಗುವುದು ಇಮೇಲ್ ವಿಳಾಸ, ಹೆಚ್ಚೆಂದರೆ ಹೆಸರು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲಿಗೆ ಬಂದ ಒ.ಟಿ.ಪಿ. ಇವುಗಳನ್ನು ಯಾವ ಉಚಿತ ಸುದ್ದಿ ಚಂದಾವೂ ಕೇಳಬೇಕಾದ ಕಾರಣವಿಲ್ಲ. ಕೇಳಿದರೆ ಆ ಪುಟವನ್ನು ಮುಚ್ಚಿಬಿಡಿ. ಕುಟುಂಬಕ್ಕೆಂದೇ ಪ್ರತ್ಯೇಕ ಇಮೇಲ್ ವಿಳಾಸವೊಂದನ್ನು ಮಾಡಿಕೊಂಡು ಎಲ್ಲ ಚಂದಾಗಳನ್ನೂ ಅದಕ್ಕೆ ತರಿಸಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ತಂದೆ ಗಲ್ಫಿನಲ್ಲಿದ್ದರೂ ತಾಯಿ ಊರಿನಲ್ಲಿದ್ದರೂ ಇಬ್ಬರಿಗೂ ಅದು ಸಿಗುತ್ತದೆ.

ಎರಡನೆಯ ದಾರಿಯಾದ ಫೀಡ್ ಅಷ್ಟು ಪರಿಚಿತವಲ್ಲ. ಆದ್ದರಿಂದ ಸ್ವಲ್ಪ ವಿವರಿಸುತ್ತೇವೆ. ಒಂದು ಕಚೇರಿಯ ಹೊರಗೆ ಸೂಚನಾ ಫಲಕವಿದೆಯೆನ್ನಿ. ಹೊಸ ಸೂಚನೆ ಬಂದಿದೆಯೇ ಎಂದು ದಿನವೂ ಹೋಗಿ ನೋಡುವುದು ನಮ್ಮಿಂದಾಗದು. ನಮ್ಮ ಪರವಾಗಿ ಒಬ್ಬ ನಂಬಿಕಸ್ಥ ಹುಡುಗ ಇಪ್ಪತ್ತು ಕಚೇರಿಗಳ ಫಲಕಗಳನ್ನು ಗಂಟೆಗೊಮ್ಮೆ ನೋಡಿ, ಹೊಸತಾಗಿ ಅಂಟಿಸಿದವುಗಳ ಶೀರ್ಷಿಕೆ ಹಾಗೂ ದಿನಾಂಕವನ್ನು ಬರೆದು ತಂದುಕೊಟ್ಟರೆ ಎಷ್ಟು ಅನುಕೂಲ! ಫೀಡ್ ರೀಡರ್ ಮಾಡುವ ಕೆಲಸ ಇದೇ. ಫೀಡ್ ಒದಗಿಸುವ ಜಾಲತಾಣವು ತನ್ನ ಹೊಸ ಬರಹಗಳ ಶೀರ್ಷಿಕೆ, ದಿನಾಂಕ, ಸಾರಾಂಶ ಹಾಗೂ ಕೊಂಡಿಗಳನ್ನು ಯಂತ್ರ ಓದಬಲ್ಲ ಒಂದು ಕಡತದಲ್ಲಿ ಪಟ್ಟಿ ಮಾಡಿ ಇಟ್ಟಿರುತ್ತದೆ. ಆ ಕಡತಕ್ಕೇ ಫೀಡ್ ಎಂದು ಹೆಸರು. ನಮ್ಮ ರೀಡರ್ ಅದನ್ನು ಆಗಾಗ ತೆರೆದು, ಹಿಂದಿನ ಸಲ ಇಲ್ಲದಿದ್ದುದನ್ನು ಗುರುತಿಸಿ, ಹೊಸತು ಮೇಲೆ ಹಳತು ಕೆಳಗೆ ಎಂಬ ಕ್ರಮದಲ್ಲಿ ತೋರಿಸುತ್ತದೆ.

ಇಮೇಲಿಗೂ ಫೀಡಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಇಮೇಲ್ ಚಂದಾದಲ್ಲಿ ನಮ್ಮ ವಿಳಾಸವನ್ನು ಪ್ರಕಾಶಕರಿಗೆ ಕೊಡಬೇಕು, ಅವರು ಕಳುಹಿಸಬೇಕು. ಫೀಡಿನಲ್ಲಿ ನಾವು ಯಾರೆಂಬುದನ್ನು ಆ ತಾಣಕ್ಕೆ ತಿಳಿಸಬೇಕಾಗಿಯೇ ಇಲ್ಲ. ಬೇಡವೆಂದು ಕಂಡರೆ ನಮ್ಮ ಪಟ್ಟಿಯಿಂದ ಆ ಸಾಲನ್ನು ತೆಗೆದರೆ ತೀರಿತು. ಯಾರ ಅನುಮತಿಯೂ ಬೇಡ.

ಈ ವ್ಯವಸ್ಥೆಯ ತಾಂತ್ರಿಕ ಹೆಸರು ಆರ್‌ಎಸ್‌ಎಸ್. ಈ ಅಕ್ಷರಗಳನ್ನು ಕೇಳಿದೊಡನೆ ನಮ್ಮೂರಿನಲ್ಲಿ ಬೇರೊಂದು ಸಂಘಟನೆ ನೆನಪಾಗುವುದು ಸಹಜ. ಇಲ್ಲಿರುವುದು ಅಕ್ಷರಸಾಮ್ಯ ಮಾತ್ರ. ‘ರಿಯಲಿ ಸಿಂಪಲ್ ಸಿಂಡಿಕೇಷನ್’, ಎಂದರೆ ತೀರಾ ಸರಳವಾದ ಸುದ್ದಿ ಹಂಚಿಕೆ ಎಂಬುದರ ಸಂಕ್ಷೇಪವದು. ಇದರ ಮೊದಲ ರೂಪ 1999ರ ಮಾರ್ಚಿನಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಸಿದ್ಧವಾಯಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖರು ಮದರಾಸಿನ ಐ.ಐ.ಟಿ.ಯಲ್ಲಿ ಕಲಿತ ರಾಮನಾಥನ್ ಗುಹಾ. ಮಕ್ಕಳೇ, ನೀವು ಕೇಳಬೇಕಾದ ಇನ್ನೊಂದು ಸಂಗತಿಯಿದೆ: 2000ದ ಡಿಸೆಂಬರಿನಲ್ಲಿ ಬಂದ ಇದರ 1.0 ಆವೃತ್ತಿಯನ್ನು ರಚಿಸಿದ ತಂಡದಲ್ಲಿ ಆರನ್ ಸ್ವಾರ್ಟ್ಜ್ ಎಂಬ 14 ವರ್ಷದ ಹುಡುಗನಿದ್ದ. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳ ಪ್ರಾಯ. ಇದೇ ಕೆಲಸಕ್ಕಾಗಿ ‘ಆಟಮ್’ ಎಂಬ ಇನ್ನೊಂದು ಮಾದರಿಯೂ 2005ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ಓದುಗರಿಗೆ ಇವೆರಡರ ಭೇದ ತಿಳಿಯಬೇಕಾದ ಅಗತ್ಯವಿಲ್ಲ. ರೀಡರುಗಳು ಎರಡನ್ನೂ ಓದುತ್ತವೆ.

ಕನ್ನಡದ ಮಟ್ಟಿಗೆ ಇದು ಸಾಧ್ಯವಾದುದರ ಹಿಂದೆ ಯುನಿಕೋಡಿನ ಉಪಕಾರವಿದೆ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಬಳಕೆಗೆ ಬರಲು ಕಾಲ ಹಿಡಿಯಿತು. ಒಂದು ಕಾಲದಲ್ಲಿ ಕನ್ನಡದ ಜಾಲತಾಣಗಳು ತಮ್ಮತಮ್ಮದೇ ಫಾಂಟುಗಳನ್ನು ಬಳಸುತ್ತಿದ್ದುವು; ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಕನ್ನಡದ ಬದಲಿಗೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತಿದ್ದುವು. ಈಗ ಆ ತೊಂದರೆ ಬಹಳಮಟ್ಟಿಗೆ ನೀಗಿದೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಬರುತ್ತವೆ. ನಮ್ಮ ಎರಡು ಬಾಗಿಲುಗಳ ಮನೆಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆ ಬೇರೆ ಯಾವುದು?

ಇನ್ನು ಮಾಡಿಕೊಳ್ಳುವ ಬಗೆ. ಮೊಬೈಲಿನಲ್ಲಿ ಫೀಡ್ಲಿ, ಇನೋರೀಡರ್ ಮೊದಲಾದ ರೀಡರುಗಳು ಸಿಗುತ್ತವೆ; ಸಾಮಾನ್ಯ ಬಳಕೆಗೆ ಅವುಗಳ ಉಚಿತ ರೂಪವೇ ಸಾಕು. ಗಣಕಯಂತ್ರವಿರುವವರು ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಇಮೇಲ್ ಮತ್ತು ಫೀಡ್ ಎರಡನ್ನೂ ಒಂದೇ ಕಡೆ ನೋಡಬಹುದು. ರೀಡರಿನಲ್ಲಿರುವ ಕೂಡಿಸುವ ಗುರುತನ್ನು ಒತ್ತಿ, ಬೇಕಾದ ಜಾಲತಾಣದ ವಿಳಾಸವನ್ನು ಅಲ್ಲಿ ಅಂಟಿಸಿದರೆ, ಆ ತಾಣಕ್ಕೆ ಫೀಡ್ ಇದ್ದಲ್ಲಿ ರೀಡರ್ ಬಹುತೇಕ ತಾನೇ ಅದನ್ನು ಹುಡುಕಿಕೊಳ್ಳುತ್ತದೆ. ಕೆಲವು ತಾಣಗಳಲ್ಲಿ ಕಿತ್ತಳೆ ಬಣ್ಣದ ಚೌಕದಲ್ಲಿ ಒಂದು ಚುಕ್ಕೆ, ಅದರ ಮೇಲೆ ಎರಡು ಬಿಲ್ಲುಗಳಿರುವ ಚಿಹ್ನೆ ಕಾಣುತ್ತದೆ. ಅದು ಫೀಡಿನ ಗುರುತು. ವರ್ಡ್‌ಪ್ರೆಸ್ ತಂತ್ರಾಂಶದಿಂದ ನಡೆಯುವ ತಾಣಗಳಲ್ಲಿ ವಿಳಾಸದ ಕೊನೆಗೆ ಓರೆಗೆರೆ ಹಾಕಿ ‘ಫೀಡ್’ ಎಂಬುದನ್ನು ಇಂಗ್ಲಿಷಿನಲ್ಲಿ ಸೇರಿಸಿದರೆ ಸಾಮಾನ್ಯವಾಗಿ ಫೀಡ್ ತೆರೆದುಕೊಳ್ಳುತ್ತದೆ. ಯೂಟ್ಯೂಬಿನ ವಾಹಿನಿಗಳಿಗೂ ಫೀಡ್ ಇದೆ. ಪಾಠದ ವಾಹಿನಿಯೊಂದನ್ನು ರೀಡರಿಗೆ ಸೇರಿಸಿದರೆ, ಹೊಸ ಪಾಠ ಬಂದಾಗ ಅದೊಂದೇ ಕಾಣುತ್ತದೆ. ಪಕ್ಕದಲ್ಲಿ ಮನಸ್ಸನ್ನು ಸೆಳೆಯುವ ಬೇರೆ ದೃಶ್ಯಗಳು ಇರುವುದಿಲ್ಲ. ಮಕ್ಕಳ ಕೈಗೆ ಮೊಬೈಲು ಕೊಡಲು ಹಿಂಜರಿಯುವ ತಾಯಂದಿರು ಇದನ್ನು ಗಮನಿಸಬೇಕು.

ಯಾವುದಕ್ಕೆ ಚಂದಾದಾರರಾಗಬೇಕು? ಗಡಿಯ ಈಚೆಯ ಬಾಗಿಲಿನಿಂದ ಬರಬೇಕಾದವು: ಜಿಲ್ಲಾಡಳಿತದ ಪ್ರಕಟಣೆಗಳು, ಪರೀಕ್ಷಾ ಭವನದ ಸೂಚನೆಗಳು, ಹೈಯರ್ ಸೆಕೆಂಡರಿ ಪ್ರವೇಶದ ವೇಳಾಪಟ್ಟಿ, ಕೇರಳ ಲೋಕಸೇವಾ ಆಯೋಗದ ಅಧಿಸೂಚನೆಗಳು. ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲವರಿಗೆಂದು ನಮ್ಮ ಜಿಲ್ಲೆಯಲ್ಲಿ ಕರೆಯುವ ಹುದ್ದೆಗಳಿವೆ ಎಂಬುದನ್ನು ಯುವಕರು ಮರೆಯಬಾರದು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನ ದಿನಾಂಕಗಳೂ ಬೇಕು. ಎಂಟನೆಯ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ಒಟ್ಟು 48,000 ರೂಪಾಯಿ ದೊರೆಯುತ್ತದೆ. ಆದರೆ ಪ್ರತಿವರ್ಷ ನವೀಕರಿಸಬೇಕು. ಹತ್ತು ಮುಗಿಸಿ ಬೇರೆ ಶಾಲೆಗೆ ಹೋದ ಮಗುವಿಗೆ ಆ ದಿನವನ್ನು ನೆನಪಿಸುವ ನಾವು ಅಲ್ಲಿರುವುದಿಲ್ಲ. ಸುದ್ದಿ ಮನೆಗೇ ಬರಬೇಕು.

ಆಚೆಯ ಬಾಗಿಲಿನಿಂದ ಬರಬೇಕಾದವು: ಕನ್ನಡದ ಒಂದೆರಡು ವಿಶ್ವಾಸಾರ್ಹ ಪತ್ರಿಕೆಗಳು, ಒಂದು ಸಾಹಿತ್ಯದ ಅಥವಾ ವಿಜ್ಞಾನದ ತಾಣ, ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಪ್ರಕಟಣೆಗಳು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೂಚನೆಗಳು. ಸಿ.ಇ.ಟಿ.ಯಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಅರ್ಹತೆಯ ಪ್ರತ್ಯೇಕ ಉಪವಿಧಿಗಳಿದ್ದು, ಅದರಂತೆ ಅರ್ಜಿ ಹಾಕುವವರು ಕನ್ನಡ ಭಾಷಾ ಪರೀಕ್ಷೆಯನ್ನು ಬರೆಯಬೇಕಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳಿಗೆ ಆ ಪರೀಕ್ಷೆ ಹೆದರಿಕೆಯದಲ್ಲ. ಅದರ ದಿನಾಂಕ ತಿಳಿಯದೆ ಹೋಗುವುದೇ ಹೆದರಬೇಕಾದ ಸಂಗತಿ.

ಎಲ್ಲ ಸರಕಾರಿ ತಾಣಗಳೂ ಫೀಡನ್ನಾಗಲಿ ಇಮೇಲನ್ನಾಗಲಿ ಒದಗಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಅಂಥವುಗಳ ವಿಳಾಸವನ್ನು ಒಂದು ಕಾಗದದಲ್ಲಿ ಬರೆದಿಟ್ಟು, ವಾರಕ್ಕೊಂದು ನಿಶ್ಚಿತ ದಿನ ನಾವೇ ತೆರೆದು ನೋಡಬೇಕು. ಆ ಸುದ್ದಿಯನ್ನು ಪ್ರಕಟಿಸುವ ದಿನಪತ್ರಿಕೆಯ ಶಿಕ್ಷಣ ಅಥವಾ ಉದ್ಯೋಗ ವಿಭಾಗಕ್ಕೆ ಫೀಡ್ ಇದ್ದರೆ ಅದನ್ನು ಸೇರಿಸಿಕೊಳ್ಳುವುದು ಇನ್ನೊಂದು ಉಪಾಯ. ಹಾಗೆ ತಿಳಿದುಬಂದ ಸುದ್ದಿಯನ್ನು ಮೂಲ ತಾಣದಲ್ಲಿ ಒಮ್ಮೆ ಪರಿಶೀಲಿಸಿಯೇ ಮುಂದುವರಿಯಬೇಕು.

‘ಈಗಾಗಲೇ ಮೊಬೈಲಿನ ತುಂಬ ಸುದ್ದಿ, ಇನ್ನೂ ಬೇಕೇ?’ ಎಂದು ರಕ್ಷಕರೊಬ್ಬರು ಕೇಳಿದರು. ಪ್ರಶ್ನೆ ಯುಕ್ತವಾದುದು. ನಮ್ಮ ಸಲಹೆ ಇಷ್ಟೆ: ಮೊದಲಿಗೆ ಹತ್ತು ಮೂಲಗಳನ್ನು ಮೀರಬೇಡಿ. ದಿನಕ್ಕೊಮ್ಮೆ, ಬೆಳಗಿನ ಚಹಾದ ಹೊತ್ತಿಗೆ, ಹದಿನೈದು ನಿಮಿಷ ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ; ಬೇಕಾದುದನ್ನು ತೆರೆದು ಓದಿ. ಓದದೆ ಉಳಿದವುಗಳ ಸಂಖ್ಯೆಯನ್ನು ಕಂಡು ಗಾಬರಿಪಡಬೇಕಾಗಿಲ್ಲ. ತಿಂಗಳಿಗೊಮ್ಮೆ ಪಟ್ಟಿಯನ್ನು ನೋಡಿ, ಒಮ್ಮೆಯೂ ತೆರೆಯದ ಮೂಲವನ್ನು ತೆಗೆದುಹಾಕಿ. ಫೀಡಿನ ಪಟ್ಟಿಗೆ ಕೊನೆಯಿದೆ. ಹೊಸತು ಮುಗಿದೊಡನೆ ಅದು ನಿಲ್ಲುತ್ತದೆ. ಬೆರಳಿನಿಂದ ಎಷ್ಟು ಮೇಲೆಳೆದರೂ ಮುಗಿಯದ ಪುಟಗಳೊಡನೆ ಹೋಲಿಸಿದರೆ ಇದರಿಂದ ಸಮಯ ಉಳಿಯುತ್ತದೆಯೇ ಹೊರತು ವ್ಯರ್ಥವಾಗುವುದಿಲ್ಲ.

‘ಹಾಗಾದರೆ ಪತ್ರಿಕೆಯ ಚಂದಾ ನಿಲ್ಲಿಸಬಹುದೇ?’ ಎಂಬ ಪ್ರಶ್ನೆಗೆ ನಮ್ಮ ಉತ್ತರ ಬೇಡವೆಂಬುದೇ. ಫೀಡು ಸುದ್ದಿಯನ್ನು ತಂದುಕೊಡುತ್ತದೆ, ಬರೆಯುವುದಿಲ್ಲ. ಪಂಚಾಯತಿನ ಸಭೆಗೆ ಹೋಗಿ ಕುಳಿತು ನಮ್ಮ ಊರಿನ ಸುದ್ದಿಯನ್ನು ಕನ್ನಡದಲ್ಲಿ ಬರೆಯುವ ವರದಿಗಾರನಿಗೆ ಸಂಬಳ ಹೋಗುವುದು ಪತ್ರಿಕೆಯ ಚಂದಾ ಮತ್ತು ಜಾಹೀರಾತುಗಳಿಂದ. ಗಡಿನಾಡಿನಲ್ಲಿ ಆ ಬರೆಯುವವನು ಇಲ್ಲವಾದರೆ ಯಾವ ರೀಡರಿನಿಂದಲೂ ನಮ್ಮ ಸುದ್ದಿ ನಮಗೆ ಸಿಗದು.

ಇನ್ನೊಂದು ಪಾಠವನ್ನು ಇತಿಹಾಸದಿಂದ ಕಲಿಯಬಹುದು. 2005ರಲ್ಲಿ ಗೂಗಲ್ ಸಂಸ್ಥೆ ‘ಗೂಗಲ್ ರೀಡರ್’ ಎಂಬ ಫೀಡ್ ರೀಡರನ್ನು ಆರಂಭಿಸಿತು. ಜಗತ್ತಿನಾದ್ಯಂತ ಅಸಂಖ್ಯ ಓದುಗರು ಅದನ್ನು ನೆಚ್ಚಿಕೊಂಡಿದ್ದರು. ಬಳಕೆ ಕಡಿಮೆಯಾಯಿತೆಂದು ಸಂಸ್ಥೆಯು 2013ರ ಜುಲೈ 1ರಂದು ಅದನ್ನು ಮುಚ್ಚಿತು. ಆದರೆ ಅದರ ಓದುಗರು ದಿಕ್ಕೆಡಬೇಕಾಗಿರಲಿಲ್ಲ. ತಮ್ಮ ಚಂದಾಗಳ ಪಟ್ಟಿಯನ್ನು ಒಂದು ಸಣ್ಣ ಕಡತವಾಗಿ ಇಳಿಸಿಕೊಂಡು, ಬೇರೆ ರೀಡರಿಗೆ ಏರಿಸಿ, ಮರುದಿನದಿಂದಲೇ ಓದು ಮುಂದುವರಿಸಲು ಅವರಿಗೆ ಸಾಧ್ಯವಾಯಿತು. ಈಗಲೂ ಹೆಚ್ಚಿನ ರೀಡರುಗಳಲ್ಲಿ ‘ಒ.ಪಿ.ಎಂ.ಎಲ್.’ ಎಂಬ ಹೆಸರಿನಲ್ಲಿ ಆ ಸೌಲಭ್ಯವಿದೆ. ವರ್ಷಕ್ಕೆ ಎರಡು ಬಾರಿಯಾದರೂ ಆ ಕಡತವನ್ನು ಇಳಿಸಿ ಕಾಯ್ದಿಟ್ಟುಕೊಳ್ಳಿ. ಸಾಧನ ಯಾರದ್ದೇ ಆಗಿರಲಿ, ಪಟ್ಟಿ ನಮ್ಮದಾಗಿರಬೇಕು.

ಕೊನೆಯದಾಗಿ, ಶಾಲೆಯು ಈ ದಿಸೆಯಲ್ಲಿ ಮಾಡಹೊರಟಿರುವ ಕೆಲಸವನ್ನು ತಮ್ಮ ಗಮನಕ್ಕೆ ತರುತ್ತೇವೆ. ಈ ವರ್ಷದಿಂದ ನಮ್ಮ ಗ್ರಂಥಾಲಯದ ಒಂದು ಗಣಕಯಂತ್ರವನ್ನು ಸುದ್ದಿಗೆಂದೇ ಮೀಸಲಿಟ್ಟಿದ್ದೇವೆ. ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳ ಒಂದು ತಂಡ, ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ, ಎರಡೂ ಬಾಗಿಲುಗಳ ಮೂಲಗಳನ್ನು ಪ್ರತಿದಿನ ಮಧ್ಯಾಹ್ನದ ಬಿಡುವಿನಲ್ಲಿ ನೋಡುತ್ತದೆ. ನಮ್ಮವರಿಗೆ ಬೇಕಾದ ಸೂಚನೆ ಕಂಡರೆ, ಮಲಯಾಳದಿಂದಲೋ ಇಂಗ್ಲಿಷಿನಿಂದಲೋ ಕನ್ನಡಕ್ಕೆ ಸಂಕ್ಷೇಪಿಸಿ ಶಾಲೆಯ ಹೊರಗಿನ ಫಲಕದಲ್ಲಿ ಬರೆಯುತ್ತದೆ. ಪ್ರತಿಯೊಂದರಲ್ಲಿಯೂ ನಾಲ್ಕು ಅಂಶಗಳು ಕಡ್ಡಾಯ: ಮೂಲ ಯಾವುದು, ಪ್ರಕಟವಾದ ದಿನ ಯಾವುದು, ಕೊನೆಯ ದಿನ ಯಾವುದು, ಯಾರಿಗೆ ಅನ್ವಯಿಸುತ್ತದೆ. ಅಧ್ಯಾಪಕರು ಮೂಲದೊಡನೆ ತಾಳೆ ನೋಡಿ ಸಹಿ ಹಾಕಿದ ಬಳಿಕವೇ ಅದು ಫಲಕಕ್ಕೆ ಹೋಗುತ್ತದೆ. ವಾರದ ಸೂಚನೆಗಳನ್ನು ಒಟ್ಟುಗೂಡಿಸಿ ಶನಿವಾರ ಇಮೇಲ್ ಮೂಲಕ ಕಳುಹಿಸುತ್ತೇವೆ. ಹೆಸರು ನೋಂದಾಯಿಸಲು ಹೊರಗಿನ ಮೇಜಿನ ಮೇಲೆ ಪುಸ್ತಕವಿದೆ. ಮುಂಬಯಿ, ಬೆಂಗಳೂರು, ಗಲ್ಫ್ ದೇಶಗಳಲ್ಲಿರುವ ಹಳೆವಿದ್ಯಾರ್ಥಿಗಳು ತಮ್ಮ ಹೆಸರನ್ನೂ ಸೇರಿಸಬೇಕೆಂದು ಕೋರುತ್ತೇವೆ. ಊರಿನಲ್ಲಿರುವ ತಮ್ಮ ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ಮಕ್ಕಳಿಗೆ ದಾರಿ ತೋರಿಸಲು ಅದು ನೆರವಾದೀತು.

ಈ ಕೆಲಸದಿಂದ ಮಕ್ಕಳಿಗೂ ಲಾಭವಿದೆ. ಮೂರು ಭಾಷೆಗಳಲ್ಲಿ ಓದಿ ಒಂದರಲ್ಲಿ ಚೊಕ್ಕಟವಾಗಿ ಬರೆಯುವುದು, ಸುದ್ದಿ ಎಲ್ಲಿಂದ ಬಂತೆಂದು ಕೇಳುವುದು, ದಿನಾಂಕ ನೋಡದೆ ಯಾವುದನ್ನೂ ನಂಬದಿರುವುದು ಪಠ್ಯಪುಸ್ತಕದಾಚೆಗಿನ ವಿದ್ಯೆ. ಹಿಂದೆ ಈ ಶಾಲೆಯ ಮಕ್ಕಳು ಪತ್ರಿಕೆಯನ್ನು ಊರಿಗೆ ಓದಿ ಹೇಳುತ್ತಿದ್ದರು. ಇಂದಿನ ಮಕ್ಕಳು ಆ ಸೇವೆಯನ್ನು ಹೊಸ ಸಾಧನಗಳಿಂದ ಮುಂದುವರಿಸಲಿ.

ರಕ್ಷಕ ಬಂಧುಗಳಲ್ಲಿ ಒಂದೇ ವಿನಂತಿ. ಇಂದು ಮನೆಗೆ ಹೋದ ಮೇಲೆ ಮಗುವಿನೊಡನೆ ಕುಳಿತು ಒಂದೇ ಒಂದು ಮೂಲಕ್ಕೆ ಚಂದಾದಾರರಾಗಿ. ಅದು ಗಡಿಯ ಯಾವ ಬಾಗಿಲಿನದಾದರೂ ಆಗಬಹುದು. ಮುಂದಿನ ವಾರ ಇನ್ನೊಂದು ಬಾಗಿಲಿನದನ್ನು ಸೇರಿಸಿ. ತೊಡಕು ಬಂದರೆ ಶನಿವಾರ ಬೆಳಗ್ಗೆ ಗ್ರಂಥಾಲಯಕ್ಕೆ ಬನ್ನಿ. ನಮ್ಮ ಮಕ್ಕಳು ಮಾಡಿಕೊಡುತ್ತಾರೆ.